ರೈಲಿನಿಂದಿಳಿದು ಶ್ರೀರಂಗಪಟ್ಟಣದ ಕೋಟೆ ನೋಡುವ ಬಗೆ

ಶ್ರೀರಂಗಪಟ್ಟಣಕ್ಕೆ ಬರುವವರಲ್ಲಿ ಹೆಚ್ಚಿನವರು ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್ ಮತ್ತು ಅವನ ಸಮಾಧಿಯಿರುವ ಗುಂಬಜ್ ನೋಡಿ ಮೈಸೂರಿಗೆ ಹೊರಟುಬಿಡುತ್ತಾರೆ. ಕೋಟೆಯನ್ನು ಅರಿಯಬೇಕೆನ್ನುವವರು ರೈಲಿನಲ್ಲಿ ಬರುವುದು ಮೇಲು. ಎಲ್ಲ ಎಕ್ಸ್‌ಪ್ರೆಸ್ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲವಾದ್ದರಿಂದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ. ಬೆಂಗಳೂರಿನ ಕಡೆಯಿಂದ ಬರುವವರು ಪಾಂಡವಪುರ ದಾಟಿದೊಡನೆ ಕಿಟಕಿಯತ್ತ ಗಮನವಿಡಬೇಕು. ಕಾವೇರಿಯ ಉತ್ತರದ ಕವಲನ್ನು ದಾಟುವ ಹಳಿ ಕೋಟೆಯ ಗೋಡೆಯನ್ನು ಸೀಳಿಕೊಂಡೇ ಒಳಬರುತ್ತದೆ, ನಿಲ್ದಾಣವೂ ಕೋಟೆಯೊಳಗೇ ಇದೆ. 1882ರಲ್ಲಿ ಮೈಸೂರನ್ನು ಮುಟ್ಟಿದ ಮೀಟರ್ ಗೇಜ್ ಮಾರ್ಗ ಮುಂದೆ ಬ್ರಾಡ್‌ಗೇಜ್ ಆಯಿತು.

ನಿಲ್ದಾಣದಲ್ಲಿ ಇಳಿದವರು ಮೊದಲು ಟಿಪ್ಪುವಿನ ಕಾಲದ ಸಿಡಿಮದ್ದಿನ ಮನೆಯನ್ನು ವಿಚಾರಿಸಿ ಹೋಗಿ ನೋಡಬೇಕು. ಜೋಡಿ ಹಳಿ ಹಾಕುವಾಗ ದಾರಿಗೆ ಅಡ್ಡವಾಗಿದ್ದ ಈ ಇಟ್ಟಿಗೆ–ಗಾರೆಯ ಕಟ್ಟಡವನ್ನು ಕೆಡವದೆ, 2017ರಲ್ಲಿ ಜಾಕ್‌ಗಳ ಮೇಲೆ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಲಾಯಿತು. ಹೊರಗಿನಿಂದ ನೋಡಲು ಸಾದಾ ಕಟ್ಟಡವೇ. ಆದರೆ ಪಟ್ಟಣದಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ.

ಅಲ್ಲಿಂದ ಹತ್ತಿರದಲ್ಲೇ ಇರುವ ರಂಗನಾಥಸ್ವಾಮಿ ದೇವಸ್ಥಾನಕ್ಕೆ ನಡೆದು ಹೋಗಬಹುದು. ದರ್ಶನವಾದ ಮೇಲೆ ಪಶ್ಚಿಮದ ಗೋಡೆಯತ್ತ ಸಾಗಿದರೆ, 1799ರ ಮೇ 4ರಂದು ಬ್ರಿಟಿಷ್ ಸೇನೆ ನುಗ್ಗಿದ ಬಿರುಕಿನ ಬಳಿ ಸ್ಮಾರಕ ಸ್ತಂಭ ಕಾಣುತ್ತದೆ. ಫಿರಂಗಿ ಒಡೆದ ಗೋಡೆಯನ್ನೂ ಹಳಿಗಾಗಿ ಒಡೆದ ಗೋಡೆಯನ್ನೂ ಒಂದೇ ಬೆಳಗಿನಲ್ಲಿ ನೋಡುವ ಅವಕಾಶ ರಸ್ತೆಯಿಂದ ಬಂದವರಿಗೆ ಸುಲಭವಾಗಿ ಸಿಗದು. ಉತ್ತರದ ಗೋಡೆಗುಂಟ ಕರ್ನಲ್ ಬೇಲಿ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನ ಸೆರೆಮನೆ ಹಾಗೂ ಟಿಪ್ಪುವಿನ ದೇಹ ಸಿಕ್ಕ ಸ್ಥಳವನ್ನು ನೋಡಿಕೊಂಡು, ಪೂರ್ವಕ್ಕೆ ತಿರುಗಿ ಜೋಡಿ ಮಿನಾರುಗಳ ಜಾಮಿಯಾ ಮಸೀದಿಯ ಮೂಲಕ ಹೊರಬರಬೇಕು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಲ್ಲುಕಂಬಗಳ ಮೇಲೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯನ್ನು ಮರೆಯಬೇಡಿ.

ದರಿಯಾ ದೌಲತ್‌ಗೆ ಆಟೋ ಹಿಡಿಯುವುದು ಒಳ್ಳೆಯದು. 1784ರ ಈ ಅರಮನೆಯ ಪಶ್ಚಿಮ ಗೋಡೆಯ ಮೇಲಿನ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರಕ್ಕೆ ಅರ್ಧ ಗಂಟೆಯಾದರೂ ಬೇಕು. ಸಮಯ ಉಳಿದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ಕಾಪಿಟ್ಟಿರುವ ಮಹಾರಾಣಿಯವರ ಸಲೂನ್ ಬೋಗಿಯನ್ನು ನೋಡಿಬನ್ನಿ.