ಜೈಲಿನ ಅಕ್ಕಂದಿರಿಗೆ ಅಕ್ಷರ ಕಲಿಸಲು ಹೊರಟವರಿಗೆ

ಚಿತ್ರದುರ್ಗದಲ್ಲಿ ಮೂವತ್ತು ವರ್ಷ ಒಂದನೇ ತರಗತಿಗೆ ಪಾಠ ಮಾಡಿ ನಿವೃತ್ತಳಾದ ನಾನು ಈಗ ವಾರಕ್ಕೆರಡು ದಿನ ಜೈಲಿನ ಮಹಿಳಾ ವಿಭಾಗಕ್ಕೆ ಹೋಗುತ್ತೇನೆ. ನೀವೂ ಹೋಗುವುದಾದರೆ ಮೊದಲು ಕಾರಾಗೃಹದ ಅಧೀಕ್ಷಕರಿಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಿರಿ. ಮೊಬೈಲನ್ನು ಮನೆಯಲ್ಲೇ ಬಿಡಿ. ತಂತಿ ಸುರುಳಿಯ ನೋಟ್‌ಬುಕ್, ಪಿನ್ನು, ಬ್ಲೇಡಿರುವ ಮೆಂಡರ್ ಬೇಡ. ಸ್ಲೇಟು, ಬಳಪ ಸಾಕು. ಯಾವ ಕೇಸು ಎಂದು ಯಾರನ್ನೂ ಕೇಳಬೇಡಿ.

ಅಲ್ಲಿರುವವರಲ್ಲಿ ಹೆಚ್ಚಿನವರು ವಿಚಾರಣಾಧೀನರು. ಇಂದು ಎದುರಿಗೆ ಕುಳಿತವರಿಗೆ ನಾಳೆ ಜಾಮೀನು ಸಿಗಬಹುದು. ಹಾಗಾಗಿ ಅರ್ಧ ಹೇಳಿ ಉಳಿದದ್ದನ್ನು ಮುಂದಿನ ವಾರಕ್ಕೆ ಇಡಬೇಡಿ. ಅಂದಿನ ಪಾಠ ಅಂದೇ ಅವರ ಕೈಗೆ ದಕ್ಕಬೇಕು.

ಮೊದಲ ದಿನ ಹೆಸರು ಬರೆಸಿ. ಒಬ್ಬ ಅಜ್ಜಿ ವಕೀಲರನ್ನು ನೇಮಿಸುವ ವಕಾಲತ್ತು ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದು, ಶಾಯಿಯನ್ನು ಸೆರಗಿಗೆ ಉಜ್ಜುತ್ತಾ ಕುಳಿತಿದ್ದರು. ಬಳಪ ಹಿಡಿದರೆ ಕೈ ನಡುಗುತ್ತಿತ್ತು. ನಾನು ನೆಲದ ಮೇಲೆ ಸಾಲಾಗಿ ಚುಕ್ಕಿ ಇಟ್ಟೆ. ಅವರ ಬೆರಳು ತಾನಾಗಿಯೇ ಎಳೆ ಎಳೆಯತೊಡಗಿತು. ದಿನವೂ ಬಾಗಿಲಿಗೆ ರಂಗೋಲಿ ಹಾಕಿದ ಕೈಗೆ ‘ರ’ದ ದುಂಡು ಹೊಸದೇನಲ್ಲ.

ಆಮೇಲೆ ‘ಅ ಆ ಇ ಈ’ ಹಿಡಿಯಬೇಡಿ. ‘ರ ಗ ಸ ದ ಅ’ ಇಂದ ಹೊರಡಿ. ಐದೇ ಅಕ್ಷರಕ್ಕೆ ಸರ, ದರ, ಅಗಸ, ಅರಸ ಎಂದು ಓದಿಬಿಡುತ್ತಾರೆ. ‘ಜ ವ ಮ ಬ ನ’ ಸೇರಿದರೆ ಮರ, ಜನ, ಮಗ. ‘ಮಗ’ ಬರೆಸಿದ ದಿನ ಒಬ್ಬ ತಾಯಿ, “ನನಗಿರುವುದು ಮಗಳು, ಟೀಚರ್” ಎಂದಳು. ‘ಳ’ ಮತ್ತು ಕೊಂಬು ಬರಲು ಇನ್ನೂ ಎಷ್ಟೋ ಪಾಠಗಳಿದ್ದವು. ಅಂದೇ ಕಲಿಸಿದೆ. ಕ್ರಮ ಮುರಿಯಲು ಹಿಂಜರಿಯಬೇಡಿ.

ಆರು ವರ್ಷದವರೆಗಿನ ಮಕ್ಕಳು ಜೈಲಿನಲ್ಲಿ ತಾಯಿಯ ಜೊತೆ ಇರಬಹುದು. ಅವರಿಗೂ ಒಂದು ಸ್ಲೇಟು ಒಯ್ಯಿರಿ. ಮಗುವಿನ ಪಕ್ಕ ಕುಳಿತು ತಿದ್ದುವಾಗ ತಾಯಿಯ ಸಂಕೋಚವೂ ಕರಗುತ್ತದೆ.

ಅಂಕಿಗಳನ್ನು ನೋಟಿನಿಂದ, ಬಸ್ ನಂಬರಿನಿಂದ ಅನೇಕರು ಗುರುತಿಸುತ್ತಾರೆ. ಅದೇ ಅಂಕಿಗಳಲ್ಲಿ ಮುಂದಿನ ತಾರೀಖು ಓದಲು ಕಲಿಸಿ. ಕೋರ್ಟಿನ ತಾರೀಖನ್ನು ಇನ್ನೊಬ್ಬರ ಬಾಯಿಂದ ಕೇಳಿಯೇ ತಿಳಿಯುವ ಸ್ಥಿತಿ ಯಾರಿಗೂ ಬೇಡ.

ಕೂಡಿಸಿ ಓದಲು ಬಂದವರಿಗೆ ನಾನು ಕೊಡುವ ದೊಡ್ಡ ಪಾಠ ಅರ್ಜಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ‘ಇವರಿಗೆ’, ‘ಇವರಿಂದ’, ‘ವಿಷಯ’ ಎಂದು ನಾಲ್ಕೇ ಸಾಲಿನ ಅರ್ಜಿ ಬರೆಸಿ. ತಪ್ಪಿದ್ದರೆ ನೀವು ತಿದ್ದಿ ಬರೆದುಕೊಡಬೇಡಿ, ಅವರಿಂದಲೇ ಇನ್ನೊಮ್ಮೆ ಬರೆಸಿ. ಶಾಲೆ ಅರ್ಧಕ್ಕೆ ಬಿಟ್ಟವರಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್) ನಡೆಸುವ, ಶಾಲೆಗೆ ಹೋಗದೆಯೇ ಬರೆಯಬಹುದಾದ ಹತ್ತನೇ ತರಗತಿ ಪರೀಕ್ಷೆಯ ಬಗ್ಗೆ ಅಧೀಕ್ಷಕರೊಡನೆ ಮಾತನಾಡಿ.

ಬಿಡುಗಡೆಯಾಗುವವರ ಜೊತೆ ಅವರು ಬರೆದ ಪುಸ್ತಕವೂ ಹೊರಗೆ ಹೋಗುವಂತೆ ಸಿಬ್ಬಂದಿಗೆ ಮೊದಲೇ ಹೇಳಿಡಿ. ಅಜ್ಜಿಯ ಸ್ಲೇಟು ಒರೆಸುವ ಮುನ್ನ ಅವರ ಹೆಸರನ್ನು ಕಾಗದದ ಮೇಲೆ ಬರೆಸಿಕೊಂಡಿದ್ದೆ; ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡೇ ಅವರು ಗೇಟು ದಾಟಿದರು.