ದೋಣಿ ಕೆಡುವುದು ದಂಡೆಯ ಮೇಲೆ: ಹಿನ್ನೀರಿಗೆ ಇಳಿಸುವ ಮುನ್ನ ಮಾಡಬೇಕಾದ ಕೆಲಸ

ಆಲಮಟ್ಟಿ ಹಿನ್ನೀರು ಈಗ ಬಹಳ ಹಿಂದೆ ಸರಿದಿದೆ. ಬೀಳಗಿ ಕಡೆಯ ದಂಡೆಗಳಲ್ಲಿ ದೋಣಿಗಳು ಬಿರುಕುಬಿಟ್ಟ ಎರೆಮಣ್ಣಿನ ಮೇಲೆ ಕೂತಿವೆ. ಮಹಾಬಳೇಶ್ವರದ ಕಡೆ ಜೋರು ಮಳೆಯಾಗಿ ಕೃಷ್ಣೆ ತುಂಬಿ ಬರುವವರೆಗೆ ನಮಗೆ ಸಮಯವಿದೆ. ಮರದ ದೋಣಿ ಇಟ್ಟುಕೊಂಡವರಿಗೆ ಕೆಲಸದ ತಿಂಗಳು ಇದೇ.

ನೀರಿನಲ್ಲಿದ್ದರೆ ಮರ ಕೊಳೆಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಪೂರ್ತಿ ಮುಳುಗಿದ ಮರಕ್ಕೆ ಗಾಳಿ ಸಿಗುವುದಿಲ್ಲ. ಗಾಳಿ ಇಲ್ಲದೆ ಕೊಳೆಸುವ ಬೂಸು ಬೆಳೆಯುವುದಿಲ್ಲ. ದೋಣಿಗೆ ನಿಜವಾದ ಶತ್ರುಗಳು ಎರಡು. ಒಂದು ನಮ್ಮ ಏಪ್ರಿಲ್-ಮೇ ಬಿಸಿಲು. ಇನ್ನೊಂದು, ದಂಡೆಯಲ್ಲಿ ಬಿಟ್ಟ ದೋಣಿಯೊಳಗೆ ನಿಂತ ಮಳೆನೀರು. ಎರಡೂ ದಂಡೆಯ ಮೇಲಿನವು. ಹಾಗಾಗಿ ದೋಣಿಯನ್ನು ನೆರಳಿಗೆ ಎಳೆದು, ಎರಡು ದಿಮ್ಮಿಗಳ ಮೇಲೆ ಬೋರಲು ಹಾಕಿ, ಅಡಿಯಲ್ಲಿ ಗಾಳಿ ಆಡುವಂತೆ ಇಡಿ. ಬೇರೆಲ್ಲ ಆಮೇಲೆ.

ದಬ್ಬಣ ಹಿಡಿದು ನೋಡಿ

ಗೋಣಿಚೀಲ ಹೊಲಿಯುವ ದಬ್ಬಣ ಸಾಕು. ಹಲಗೆಯ ಮೇಲೆ ಒಂದೊಂದು ಗೇಣಿಗೆ ಒತ್ತಿ ನೋಡುತ್ತಾ ಹೋಗಿ. ಗಟ್ಟಿ ಮರ ತುದಿಯನ್ನು ತಡೆಯುತ್ತದೆ. ಕೊಳೆತ ಮರದಲ್ಲಿ ಸುಲಭವಾಗಿ ಇಳಿಯುತ್ತದೆ, ಮೇಲಿನ ಬಣ್ಣ ಚೆನ್ನಾಗಿಯೇ ಇದ್ದರೂ. ಪಕ್ಕೆಲುಬುಗಳು (ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಬಾಗಿದ ಮರಗಳು) ತಳಕ್ಕೆ ಸೇರುವ ಮೂಲೆ, ಕೂರುವ ಹಲಗೆಯ ಅಡಿ, ಮೊಳೆಗಳ ಸುತ್ತ ಜಾಸ್ತಿ ಹುಡುಕಿ. ಮೊಳೆಯ ಸುತ್ತ ಕಪ್ಪು ಕಲೆ ಇದ್ದರೆ ಕಬ್ಬಿಣ ತುಕ್ಕು ಹಿಡಿದಿದೆ ಎಂದೇ ಅರ್ಥ. ಅದನ್ನು ಕಿತ್ತು ತಾಮ್ರದ್ದೋ ಸತುವಿನ ಲೇಪದ್ದೋ ಹಾಕಿ.

ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕೆತ್ತಿ ತೆಗೆದು ಹೊಸ ತುಂಡು ಕೂರಿಸಬೇಕು. ಪಕ್ಕೆಲುಬೇ ಹೋಗಿದ್ದರೆ ಬಡಿಗರನ್ನು ಕರೆಯಿರಿ. ಬಂಡಿಗೆ, ನೇಗಿಲಿಗೆ ಬಳಸುವ ಜಾಲಿಯ ಬಾಗಿದ ಕೊಂಬೆ ಆ ಜಾಗಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಸಂದಿಗೆ ಹತ್ತಿ

ಬಿಸಿಲಿಗೆ ಒಣಗಿದ ಹಲಗೆ ಕುಗ್ಗುತ್ತದೆ. ನಡುವಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ನೋಡಿ ಹೆದರಬೇಡಿ.

ಮೊದಲ ವರ್ಷ ನಾನು ಹೆದರಿದ್ದೆ. ಗಟ್ಟಿಯಾಗುವ ಎಪಾಕ್ಸಿ ಲಪ್ಪವನ್ನು ಎಲ್ಲ ಸಂದಿಗಳಿಗೂ ಒತ್ತಿ ತುಂಬಿದೆ. ದೋಣಿ ನೀರಿಗೆ ಇಳಿದ ಮೂರನೇ ದಿನ ಹಲಗೆಗಳು ಉಬ್ಬಿದವು, ಲಪ್ಪ ಮಾತ್ರ ಬಗ್ಗಲಿಲ್ಲ. ಒಂದು ಹಲಗೆಯ ಅಂಚು ಉದ್ದಕ್ಕೆ ಸೀಳಿತು, ನಾಲ್ಕು ಮೊಳೆ ಮೇಲೆದ್ದವು. ನಮ್ಮ ಓಣಿಯಲ್ಲಿ ನಲವತ್ತು ವರ್ಷ ಮೀನು ಹಿಡಿದ ಕಾಕಾ ಒಬ್ಬರಿದ್ದಾರೆ. ಅವರು ಬಂದು ಬೆರಳಾಡಿಸಿ ನೋಡಿ, "ತಮ್ಮಾ, ಕಟ್ಟಿಗಿ ಉಸಿರಾಡತೈತಿ. ಅದಕ್ಕ ಜಾಗಾ ಬಿಡಬೇಕು" ಅಂದರು. ಹತ್ತಿ ಹಾಕುವುದನ್ನು ಅವರೇ ಕಲಿಸಿದರು.

ಹಳೆಯ ಹತ್ತಿಯನ್ನು ಕೊಕ್ಕೆಯಿಂದ ಎಳೆದು ತೆಗೆಯಿರಿ. ಸಂದಿಯನ್ನು ಒಣ ಬ್ರಷ್‌ನಿಂದ ಸ್ವಚ್ಛ ಮಾಡಿ. ಹೊಸ ಹತ್ತಿಯನ್ನು ದೇವರ ದೀಪಕ್ಕೆ ಉದ್ದ ಬತ್ತಿ ಹೊಸೆದಂತೆ ಸಡಿಲವಾಗಿ ಹೊಸೆಯಿರಿ. ಮೊಂಡು ಉಳಿ ಇಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿಯುತ್ತಾ ಒಳಗೆ ಕೂರಿಸಿ. ಸಂದಿಯ ಆಳದಲ್ಲಿ ಅರ್ಧದಷ್ಟು ಹತ್ತಿ ಇದ್ದರೆ ಸಾಕು. ಹೊಡೆತದ ಸದ್ದು ಕೇಳುತ್ತಿರಿ. ಮೊದಲು ಮೆತ್ತಗೆ ಇರುತ್ತದೆ, ಹತ್ತಿ ಕೂತ ಮೇಲೆ ಟಕ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ.

ಮೇಲಿನ ಅರ್ಧಕ್ಕೆ ರಾಳ. ರಾಳದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಆರಿದ ಮೇಲೆ ಅಂಟಂಟಾಗಿ ಉಳಿಯುವ ಹದಕ್ಕೆ ತನ್ನಿ. ಬಯಲಲ್ಲೇ ಮಾಡಿ, ಪಕ್ಕದಲ್ಲಿ ಮರಳಿನ ಬುಟ್ಟಿ ಇರಲಿ. ಇದಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಸಂದಿಯ ಅಂಚಿಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುವಂತೆ ತುಂಬಿ. ಹಲಗೆ ಉಬ್ಬಿದಾಗ ಅದು ತಾನಾಗಿ ಮೇಲೆ ಬರುತ್ತದೆ.

ಎಣ್ಣೆ ಮತ್ತು ಆ ಬಟ್ಟೆ

ಒಳಭಾಗಕ್ಕೆ ಬಣ್ಣ ಬೇಡ, ಅಗಸಿ ಎಣ್ಣೆ ಸಾಕು. ನಾವು ಚಟ್ನಿಗೆ ಹುರಿಯುವ ಅಗಸಿಯ ಎಣ್ಣೆಯೇ ಇದು. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಕೇಳಿ ತನ್ನಿ. ಅದು ಬೇಗ ಒಣಗುತ್ತದೆ, ತಿನ್ನುವುದಕ್ಕಲ್ಲ. ತೆಳುವಾಗಿ ಎರಡು ಮೂರು ಸಲ ಹಚ್ಚಿ. ಹೊರಭಾಗಕ್ಕೆ ತಿಳಿ ಬಣ್ಣ ಬಳಿಯಿರಿ. ಕಪ್ಪು ಬಣ್ಣ ಬಿಸಿಲಿಗೆ ಕಾದು ಹಲಗೆಯನ್ನು ಇನ್ನಷ್ಟು ಒಣಗಿಸುತ್ತದೆ.

ಒಂದು ಮಾತು ಮನಸ್ಸಿಟ್ಟು ಕೇಳಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಗಾಳಿಯನ್ನು ಹೀರಿ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಒಂದೊಂದಾಗಿ ಬಿಡಿಸಿ ಬೇಲಿಯ ಮೇಲೆ ಹರವಿ, ಇಲ್ಲವೇ ನೀರಿನ ಬಕೆಟ್‌ನಲ್ಲಿ ಅದ್ದಿಡಿ.

ಒಣ ನೆಲದಲ್ಲಿ ನಡೆದು ಬನ್ನಿ

ಇದನ್ನು ಯಾರೂ ಹೇಳುವುದಿಲ್ಲ, ನನಗಂತೂ ಅತಿ ಮುಖ್ಯ ಅನ್ನಿಸುತ್ತದೆ. ಮಳೆಗಾಲದಲ್ಲಿ ನಿಮ್ಮ ದೋಣಿ ತೇಲುವ ಜಾಗದಲ್ಲಿ ಈಗ ಕಾಲ್ನಡಿಗೆಯಲ್ಲಿ ಹೋಗಬಹುದು. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಅಷ್ಟು ತುಂಬಿದಾಗ ಹಳೆಯ ಊರುಗಳ ಗೋಡೆ, ಬಾವಿಕಟ್ಟೆ, ಒಣಗಿದ ಬೇವಿನ ಮರದ ಬೊಡ್ಡೆ ಎಲ್ಲ ನೀರಿನಡಿ ಇರುತ್ತವೆ. ನೀರು ಸ್ವಲ್ಪ ಇಳಿದಾಗ ಅವು ಅಂಗೈ ಆಳದಲ್ಲಿ ಅಡಗಿ ಕೂತಿರುತ್ತವೆ. ಈಗಲೇ ನೋಡಿ ಬನ್ನಿ. ದಂಡೆಯ ಯಾವ ಗುಡಿ, ಯಾವ ಟವರ್‌ನ ನೇರಕ್ಕೆ ಯಾವ ಬೊಡ್ಡೆ ಇದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಗೀಚಿಕೊಳ್ಳಿ. ನಡೆಯುವಾಗ ಒಂದೊಂದು ಕಡೆ ಹೊಸ್ತಿಲು, ಒಂದೊಂದು ಕಡೆ ಒರಳುಕಲ್ಲು ಸಿಗುತ್ತದೆ. ಊರು ಬಿಟ್ಟು ಬಂದವರ ಮನೆ ಅದು. ನಾನು ಚಪ್ಪಲಿ ಬಿಟ್ಟು ದಾಟುತ್ತೇನೆ.

ಮರಕ್ಕೆ ನೀರು ಕುಡಿಸುವುದು

ನೀರು ಬಂತು ಅಂತ ಅದೇ ದಿನ ಹತ್ತಿ ಹೊರಡಬೇಡಿ. ಮೂರು ನಾಲ್ಕು ದಿನ ಮೊದಲೇ ಒದ್ದೆ ಗೋಣಿಚೀಲಗಳನ್ನು ದೋಣಿಯೊಳಗೆ ಹಾಸಿಡಿ. ಆಮೇಲೆ ಮೊಣಕಾಲುದ್ದ ನೀರಿಗೆ ಇಳಿಸಿ, ಹಗ್ಗ ಕಟ್ಟಿ, ಸುಮ್ನೆ ಬಿಟ್ಟುಬಿಡಿ. ನೀರು ಒಳಗೆ ಬರುತ್ತದೆ, ಬರಲಿ. ಎರಡು ದಿನದಲ್ಲಿ ಹಲಗೆಗಳು ಉಬ್ಬಿ ಒಂದಕ್ಕೊಂದು ಬಿಗಿಯುತ್ತವೆ. ನೀರು ಎತ್ತಿ ಹಾಕಿ ನೋಡಿ. ಆಗಲೂ ಸೋರಿದರೆ ಒಂದು ಹಿಡಿ ಕಟ್ಟಿಗೆ ಹೊಟ್ಟನ್ನು ಡಬ್ಬಿಯಲ್ಲಿ ತುಂಬಿ, ಸೋರುವ ಜಾಗದ ಅಡಿಗೆ ನೀರೊಳಗೆ ಹಿಡಿದು ಬಿಡಿ. ಒಳಗೆ ನುಗ್ಗುವ ನೀರು ಹೊಟ್ಟನ್ನೂ ಎಳೆದುಕೊಂಡು ಸಂದಿಯನ್ನು ಮುಚ್ಚುತ್ತದೆ. ಇದು ತಾತ್ಕಾಲಿಕ ಉಪಾಯ ಅಷ್ಟೇ.

ಹಾಯಿ ಏರಿಸುವ ಮುನ್ನ

ಹುಟ್ಟು ಹಾಕಿ ವಾಪಸ್ ಬರಲು ಗೊತ್ತಿಲ್ಲದವರು ಹಾಯಿ ಮುಟ್ಟಬಾರದು. ಲೈಫ್ ಜಾಕೆಟ್ ಇಲ್ಲದೆ ದಂಡೆ ಬಿಡಬಾರದು, ಈಜು ಬಂದರೂ ಅಷ್ಟೇ. ಅಣೆಕಟ್ಟಿನ 26 ಗೇಟುಗಳ ಕಡೆಗೆ ಹೋಗುವ ಮಾತೇ ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಕೈಕಾಲು ಇಳಿಬಿಟ್ಟು ಕೂರಬೇಡಿ.

ನನ್ನ ದೋಣಿ 14 ಅಡಿ, ಹಾಯಿ ಸುಮಾರು 50 ಚದರ ಅಡಿ. ಚಪ್ಪಟೆ ತಳದ ದೋಣಿ ಗಾಳಿಗೆ ಅಡ್ಡಡ್ಡ ಜಾರುತ್ತದೆ. ಅದಕ್ಕೆ ಗಾಳಿ ಬರುವ ಕಡೆಗಲ್ಲ, ಅದರ ಎದುರು ಬದಿಗೆ ಒಂದು ಹಲಗೆಯನ್ನು ನೀರೊಳಗೆ ಇಳಿಬಿಡಬೇಕು. ಒದ್ದೆ ಹುಣಸೆ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿದರೆ ಮುಂದಕ್ಕೆ ಚಿಮ್ಮುತ್ತದೆ ಅಲ್ವಾ? ಹಾಯಿ ಒಂದು ಬೆರಳು, ಈ ಹಲಗೆ ಇನ್ನೊಂದು.

ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗುವುದಿಲ್ಲ. ತುಂಬಿದ ಬಂಡಿಯನ್ನು ದಿನ್ನೆ ಹತ್ತಿಸುವಾಗ ಎತ್ತುಗಳನ್ನು ಓರೆಯಾಗಿ ಹೊಡೆಯುತ್ತೇವಲ್ಲ, ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಏರಬೇಕು. ಇದು ನಿಧಾನ. ಆದ್ದರಿಂದ ಮೊದಲು ಗಾಳಿಯ ಎದುರಿಗೆ ಹೋಗಿ, ಮೈಯಲ್ಲಿ ಕಸುವಿರುವಾಗಲೇ. ವಾಪಸಾಗುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ.

ಹಾಯಿಯ ಹಗ್ಗವನ್ನು ಎಂದೂ ಗಂಟು ಹಾಕಬೇಡಿ, ಕೈಯಲ್ಲೇ ಇರಲಿ. ಗಾಳಿ ಜೋರಾಗಿ ಬಡಿದು ದೋಣಿ ವಾಲಿದರೆ ಹಗ್ಗ ಬಿಡಿ. ಹಾಯಿ ಬಾವುಟದಂತೆ ಪಟಪಟ ಅನ್ನುತ್ತದೆ, ದೋಣಿ ನೆಟ್ಟಗಾಗುತ್ತದೆ. ಮಗುಚಿದರೂ ದೋಣಿ ಬಿಟ್ಟು ದಂಡೆಗೆ ಈಜಬೇಡಿ. ಮರ ತೇಲುತ್ತದೆ, ಅದನ್ನೇ ಹಿಡಿದುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗಿನ ಪಡುವಣ ಗಾಳಿ ಹೊಸಬರಿಗಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಕಲಿಯಲು ಚೆಂದ.

ವಾಪಸ್ ಬಂದ ಮೇಲೆ ಹಾಯಿಯನ್ನು ಒಣಗಿಸಿ ಮಡಚಿ. ನಾಳೆಯೇ ಮತ್ತೆ ಹೊರಡುವುದಿದ್ದರೆ ದೋಣಿ ನೀರಲ್ಲೇ ಇರಲಿ. ಮಟ್ಟ ಏರಿಳಿಯುವುದರಿಂದ ಹಗ್ಗ ಉದ್ದವಾಗಿಯೇ ಕಟ್ಟಿ. ಹಲವು ದಿನ ದಂಡೆಗೆ ಎಳೆದಿಡುವುದಾದರೆ ತಳದ ಬೂಚು ತೆಗೆದು, ಪಕ್ಕೆಲುಬುಗಳ ಮೂಲೆಯ ನೀರನ್ನು ಬಟ್ಟೆಯಿಂದ ಒರೆಸಿ. ತೆಗೆದ ಬೂಚನ್ನು ನಾನು ದಾರದಿಂದ ಹುಟ್ಟಿನ ಹಿಡಿಗೆ ಕಟ್ಟಿಬಿಡುತ್ತೇನೆ. ಮುಂದಿನ ಸಲ ಹುಟ್ಟು ಎತ್ತಿಕೊಂಡಾಗ ಮೊದಲು ಕೈಗೆ ತಗಲುವುದು ಅದೇ.