ಮೊದಲು ಹೊಳೆದದ್ದು ಯಾರಿಗೆ? ಲ್ಯಾಬ್ ನೋಟ್‌ಬುಕ್‌ಗಳಲ್ಲಿ ಹುಡುಕಿದ ಅನುಭವ

ಅಮೆರಿಕದಲ್ಲಿ 2013ರ ಮಾರ್ಚ್ 16ಕ್ಕೂ ಮೊದಲಿನ ಪೇಟೆಂಟ್ ಅರ್ಜಿಗಳಿಗೆ ಹಳೆಯ ನಿಯಮ. ಅರ್ಜಿ ಮೊದಲು ಹಾಕಿದ್ದು ಯಾರು ಅನ್ನುವುದಕ್ಕಿಂತ, ಮೊದಲು ಕಂಡುಹಿಡಿದದ್ದು ಯಾರು ಅನ್ನುವುದೇ ಮುಖ್ಯ. ಅಂಥ ಒಂದು ಜಗಳದಲ್ಲಿ, ಗಿಡಗಳಿಗೆ ಜೀನ್ ಸೇರಿಸುವ ಕೆಲಸ ಗೊತ್ತು ಅಂತ, ಒಂದು ಕಡೆಯ ವಕೀಲರು ಲ್ಯಾಬ್ ನೋಟ್‌ಬುಕ್‌ಗಳ ರಾಶಿಯನ್ನೇ ನನ್ನ ಮುಂದಿಟ್ಟರು.

ಮೊದಲ ಪುಟದಿಂದ ಓದುತ್ತಾ ಹೋಗಲಿಲ್ಲ. ಪೇಟೆಂಟ್ ಕ್ಲೇಮನ್ನು, ಅಂದರೆ ‘ಇದು ನಮ್ಮದು’ ಎಂದು ಹಕ್ಕು ಕೇಳುವ ವಾಕ್ಯವನ್ನು, ತುಂಡು ತುಂಡಾಗಿ ಬರೆದುಕೊಂಡೆ. ಆ ಎಲ್ಲ ತುಂಡುಗಳೂ ಒಟ್ಟಿಗೆ ಸಿಗುವ ಪುಟ ಯಾವುದು ಅಂತ, ಅರ್ಜಿಯ ದಿನದಿಂದ ಹಿಂದಕ್ಕೆ ಹುಡುಕಿದೆ.

ಯಾವ ಪುಟವನ್ನು ‘ಹೊಳೆದದ್ದು’ ಅನ್ನಬಹುದು? ಇದಕ್ಕೇ ಜಾಸ್ತಿ ಹೊತ್ತು ಹೋಯಿತು. ಹುಳು ಕೊಲ್ಲುವ ಪ್ರೋಟೀನ್ ತಯಾರಿಸುವ ಬಿಟಿ ಜೀನನ್ನೇ ನೋಡಿ. ಬ್ಯಾಕ್ಟೀರಿಯಾದ ಈ ಜೀನ್‌ನಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳ ಪೈಕಿ ಎ, ಟಿ ಹೆಚ್ಚು. ಹಾಗಾಗಿ ಗಿಡದಲ್ಲಿ ಪ್ರೋಟೀನ್ ಸರಿಯಾಗಿ ತಯಾರಾಗದು. ಪ್ರೋಟೀನ್ ಬದಲಾಗದಂತೆ ಕೋಡಾನ್‌ಗಳನ್ನು, ಅಂದರೆ ಮೂರು ಮೂರು ಅಕ್ಷರಗಳ ಗುಂಪುಗಳನ್ನು, ತಿದ್ದಬೇಕು. ಇದರ ಮೇಲೆ ಮೈಕೊಜೆನ್ ಮತ್ತು ಮಾನ್ಸಾಂಟೊ ಕಂಪನಿಗಳು ವರ್ಷಗಟ್ಟಲೆ ಬಡಿದಾಡಿದವು. ಮಾನ್ಸಾಂಟೊಗೇ ಮೊದಲು ಹೊಳೆದಿತ್ತು ಎಂಬ ತೀರ್ಮಾನವನ್ನು 2001ರಲ್ಲಿ ಮೇಲ್ಮನವಿ ಕೋರ್ಟ್ ಎತ್ತಿಹಿಡಿಯಿತು. ‘ಜೀನ್ ತಿದ್ದಿ ನೋಡೋಣ’ ಅಂತ ಬರೆದಿಟ್ಟರೆ ಸಾಲದು, ಅದು ಬರೀ ಆಸೆ. ಯಾವುದನ್ನು, ಯಾವ ಲೆಕ್ಕದಲ್ಲಿ ತಿದ್ದಬೇಕು ಅನ್ನುವುದೂ ಇರಬೇಕು. ಕಸುಬು ಗೊತ್ತಿದ್ದವರು ಅದನ್ನು ಓದಿ, ತಡಕಾಡದೆ ಮಾಡುವಂತಿರಬೇಕು. ಗೆದ್ದೇ ಗೆಲ್ಲುತ್ತದೆ ಎಂಬ ನಂಬಿಕೆ ಆಗ ಇರಬೇಕಾಗಿಲ್ಲ. ಇದನ್ನು ವಿಜ್ಞಾನಿಗಳಿಗೆ ಒಪ್ಪಿಸುವುದೇ ಕಷ್ಟ, ‘ಫಲಿತಾಂಶ ಇನ್ನೂ ಬಂದಿರಲಿಲ್ಲವಲ್ಲ’ ಅನ್ನುತ್ತಾರೆ.

ಸಂಶೋಧಕರ ನೆನಪಿಗೆ ಒಂಟಿಯಾಗಿ ಬೆಲೆಯಿಲ್ಲ. ಅವರ ಮಾತಿಗೆ ಬೇರೆ ಆಧಾರ ಬೇಕು. ಪುಟದ ಕೆಳಗೆ ಸಹೋದ್ಯೋಗಿಯ ಸಹಿ ಇದ್ದರೆ ಸರಿ. ನಮ್ಮ ಮುಖ್ಯ ಪುಟದಲ್ಲಿ ಅದಿರಲಿಲ್ಲ! ಹಾಗಾಗಿ ಖರೀದಿ ಕಾಗದಗಳತ್ತ ಹೋದೆ. ಡಿಎನ್‌ಎ ತುಣುಕು ತರಿಸಲು ಕೊಟ್ಟ ಆರ್ಡರ್‌ನಲ್ಲಿ ಅದೇ ಅಕ್ಷರಸಾಲು, ತಾರೀಕಿನ ಸಮೇತ ಸಿಕ್ಕಿತು. ಆರ್ಡರ್ ಬರೆದದ್ದು ಬೇರೆ ವ್ಯಕ್ತಿ, ಆದ್ದರಿಂದ ತೂಕ ಜಾಸ್ತಿ.

ಇನ್ನೊಂದು ಗಂಟು ಉಳಿದಿತ್ತು. ಮೊದಲು ಹೊಳೆದು, ಮಾಡಿ ತೋರಿಸಿದ್ದು ತಡವಾದರೆ, ಎದುರಾಳಿಗೆ ಹೊಳೆಯುವ ಸ್ವಲ್ಪ ಮೊದಲಿನಿಂದ ನಾವು ಸುಮ್ನೆ ಕೂತಿರಲಿಲ್ಲ ಅಂತ ತೋರಿಸಬೇಕು. ನೋಟ್‌ಬುಕ್‌ನಲ್ಲೋ ತಿಂಗಳುಗಟ್ಟಲೆ ಖಾಲಿ. ಆಗ ಗಿಡ ಬೆಳೆಯುತ್ತಿತ್ತು, ಅಲ್ವಾ? ಆದರೆ ಕೋರ್ಟಿಗೆ ಕಾಗದ ಬೇಕು. ಗ್ರೀನ್‌ಹೌಸ್ ಕೆಲಸಗಾರರು ಕುಂಡ ಬದಲಿಸಿದ್ದು, ಎಲೆ ಕಿತ್ತು ಕೊಟ್ಟದ್ದು ಬರೆದಿಡುತ್ತಿದ್ದ ರಿಜಿಸ್ಟರ್ ತರಿಸಿ, ಖಾಲಿ ತಿಂಗಳುಗಳ ಎದುರು ಒಂದೊಂದಾಗಿ ಹೊಂದಿಸಿ ವಕೀಲರಿಗೆ ಕೊಟ್ಟೆ.